ಹನ್ನೊಂದು ಕಿರಿಕಿರಿ, ಹತ್ತು ದಿನದ ಗಡುವು: ನನ್ನ ಅಪ್‌ಗ್ರೇಡ್‌ನ ಪೂರ್ತಿ ಕಥೆ

ನನ್ನ ಡೆಸ್ಕ್‌ಟಾಪ್‌ಗೆ ಏಳು ವರ್ಷ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಬೆಂಬಲ ಇರಲ್ಲ ಅಂತ ಎಷ್ಟೋ ತಿಂಗಳಿಂದ ಗೊತ್ತಿತ್ತು. ಆದರೂ ನಾಳೆ ನೋಡಿದರಾಯ್ತು, ನಾಡಿದ್ದು ನೋಡಿದರಾಯ್ತು ಅಂತ ತಳ್ಳುತ್ತಾ ಬಂದು, ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಕೂತೇಬಿಟ್ಟೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ನನ್ನ ಮದರ್‌ಬೋರ್ಡ್‌ನಲ್ಲಿ ಅದು ಇತ್ತು, ಆಫ್ ಆಗಿತ್ತು ಅಷ್ಟೇ. ಆನ್ ಮಾಡೋಣ ಅಂತ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸ್ವಂತ ತಂತ್ರಾಂಶಕ್ಕೆ, ಹೋದೆ. ಹೋದವನು, ಹೇಗೂ ಇಲ್ಲಿವರೆಗೆ ಬಂದಿದ್ದೀನಲ್ಲ ಅಂತ ಬಯಾಸ್ ಅನ್ನೇ ಮೊದಲು ಹೊಸ ಆವೃತ್ತಿಗೆ ಏರಿಸಿ, ಆಮೇಲೆ ಟಿಪಿಎಂ ಆನ್ ಮಾಡಿದೆ. (ಈ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೇ ಇದನ್ನು.) ಮಧ್ಯಾಹ್ನ ಅಪ್‌ಗ್ರೇಡ್ ಶುರುವಾಗಿ ಸಂಜೆ ಹೊತ್ತಿಗೆ ಮುಗಿಯಿತು. ಫೈಲುಗಳು ಇದ್ದಲ್ಲೇ ಇದ್ದವು, ಪ್ರೋಗ್ರಾಂಗಳು ತೆರೆದುಕೊಂಡವು, ಏನೂ ಕಳೆದುಹೋಗಿರಲಿಲ್ಲ.

ದೊಡ್ಡ ತೊಂದರೆ ಒಂದೂ ಇಲ್ಲ. ಆದರೆ ಚಪ್ಪಲಿಯೊಳಗೆ ಮರಳು ಸೇರಿಕೊಂಡ ಹಾಗೆ, ನಡೆಯೋಕೆ ಆಗುತ್ತದೆ, ನಡೆಯುತ್ತಿದ್ದಷ್ಟು ಹೊತ್ತೂ ಚುಚ್ಚುತ್ತದೆ. ನೀಲಿ ಪರದೆ ಬಂದರೆ ಅದರ ಮೇಲೆ ಒಂದು ಕೋಡ್ ಆದರೂ ಇರುತ್ತದೆ, ಹಿಡಿದು ಹುಡುಕಬಹುದು. ಫ್ಯಾನ್ ಯಾಕೋ ಜಾಸ್ತಿ ಸದ್ದು ಮಾಡುತ್ತಿದೆ ಅನ್ನೋದಕ್ಕೆ ಯಾವ ಕೋಡ್ ಇದೆ ಹೇಳಿ.

ಮಾರನೇ ದಿನ, ಭಾನುವಾರ, ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸಿದೆ, ಡಿಐಎಸ್‌ಎಂನಿಂದ ರಿಸ್ಟೋರ್‌ಹೆಲ್ತ್ ಓಡಿಸಿದೆ. ಎರಡೂ ಎಲ್ಲ ಸರಿಯಾಗಿದೆ ಅಂದವು. ಈ ಕಮಾಂಡ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಸಿಸ್ಟಂ ಫೈಲು ಕೆಟ್ಟಿದ್ದರೆ ಹಿಡಿಯುತ್ತವೆ, ಅಸಲಿ ಪ್ರತಿ ತಂದು ಕೂರಿಸುತ್ತವೆ. ಆದರೆ ನೆಗಡಿ, ಕಾಲುಳುಕು, ತಲೆನೋವು ಎಲ್ಲಕ್ಕೂ ಒಂದೇ ಮಾತ್ರೆ ಅನ್ನುವ ಹಾಗೆ ಇವನ್ನು ಹಂಚುತ್ತಾರಲ್ಲ, ಅದು ಮಾತ್ರ ಸರಿಯಲ್ಲ. ಫೈಲುಗಳೆಲ್ಲ ಸರಿಯಿದ್ದು ಸೆಟ್ಟಿಂಗ್ ತಪ್ಪಿದ್ದರೆ ಇವು ಏನು ಮಾಡಬೇಕು?

ಆಮೇಲೆ ಡಿವೈಸ್ ಮ್ಯಾನೇಜರ್ ತೆಗೆದೆ. ಸಿಸ್ಟಂ ಡಿವೈಸಸ್ ಕೆಳಗೆ ಒಂದೊಂದಾಗಿ ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ತಾರೀಖು ನೋಡುತ್ತಾ ಹೋದರೆ, 21-06-2006. ಇನ್ನೊಂದು ನೋಡಿದೆ, 21-06-2006. ಮತ್ತೊಂದು, ಅದೇ. ಎದೆ ಧಸಕ್ ಅಂದಿತು. ಹೊಸ ವಿಂಡೋಸ್ ಹಾಕಿಕೊಂಡು ಹತ್ತೊಂಬತ್ತು ವರ್ಷದ ಡ್ರೈವರ್ ಇಟ್ಟುಕೊಂಡಿದ್ದೀನಾ ಅಂತ. ಗಾಬರಿಯಲ್ಲಿ, ಎಲ್ಲ ಡ್ರೈವರ್ ಒಂದೇ ಕ್ಲಿಕ್‌ಗೆ ಹೊಸದು ಮಾಡುತ್ತೇವೆ ಅನ್ನುವ ಒಂದು ಟೂಲ್ ಇಳಿಸಿಕೊಂಡೆ. ಅದು ‘ಹಳೆಯ’ ಡ್ರೈವರ್‌ಗಳ ಉದ್ದ ಪಟ್ಟಿ ಕೊಟ್ಟು, ಕೆಂಪು ಬಣ್ಣದಲ್ಲಿ ಹೆದರಿಸಿ, ಕೆಲವನ್ನು ಬದಲಾಯಿಸಿತು. ಆಮೇಲೆ ತಿಳಿದದ್ದು ಏನಂದರೆ, ಆ ತಾರೀಖು ಬೇಕಂತಲೇ ಇಟ್ಟಿರುವುದು. ವಿಂಡೋಸ್ ಜೊತೆಗೇ ಬರುವ ಸಾಮಾನ್ಯ ಡ್ರೈವರ್‌ಗಳಿಗೆ ಹಳೇ ತಾರೀಖು ಹಾಕಿದರೆ, ಅದೇ ಸಾಧನಕ್ಕೆ ತಯಾರಕರು ಕೊಟ್ಟ ಡ್ರೈವರ್ ಯಾವತ್ತೂ ‘ಹೊಸದು’ ಅನಿಸಿಕೊಳ್ಳುತ್ತದೆ, ವಿಂಡೋಸ್ ಅದನ್ನೇ ಆರಿಸಿಕೊಳ್ಳುತ್ತದೆ. ಒಳಗಿನ ಫೈಲು ಹೊಸದೇ, ಮೇಲಿನ ಚೀಟಿ ಮಾತ್ರ ಹಳೆಯದು. ಆ ತಾರೀಖು ಕಂಡರೆ ಸುಮ್ನೆ ಮುಂದೆ ಹೋಗಿ.

ಬುಧವಾರದ ಹೊತ್ತಿಗೆ ತಲೆ ಕೆಟ್ಟಿತ್ತು. ವಾಪಸ್ 10ಕ್ಕೇ ಹೋಗಿಬಿಡೋಣ ಅನಿಸಿತು. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಬಟನ್ ಇರುತ್ತದೆ, ಅದಕ್ಕೆ ಹತ್ತು ದಿನದ ಗಡುವು. ಹಳೇ ವಿಂಡೋಸ್ ಅಷ್ಟೂ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಅನ್ನುವ ಫೋಲ್ಡರ್‌ನಲ್ಲಿ ಇರುತ್ತದೆ, ಗಡುವು ಮುಗಿದ ಮೇಲೆ ಅದು ತಾನಾಗಿ ಅಳಿದುಹೋಗುತ್ತದೆ. ಬೇಕಾದರೆ ಗಡುವಿನ ಒಳಗೇ ಡಿಐಎಸ್‌ಎಂ ಕಮಾಂಡ್ ಕೊಟ್ಟು 60 ದಿನದವರೆಗೆ ಎಳೆಯಬಹುದು. ನಾನು ಎಳೆಯಲಿಲ್ಲ. ಎಳೆದರೆ ಅರವತ್ತು ದಿನವೂ ಹೀಗೇ ಒದ್ದಾಡುತ್ತೇನೆ ಅಂತ ನನ್ನ ಬಗ್ಗೆ ನನಗೆ ಗೊತ್ತು. ಒಂದು ಹಾಳೆ ತೆಗೆದು ಏನೇನು ಕಿರಿಕಿರಿ ಅಂತ ಬರೆಯಲು ಕೂತೆ.

ಹನ್ನೊಂದು ಆದವು. ಫ್ಯಾನ್ ಸದ್ದು. ಕೆಲವು ದಿನ ಬೆಳಿಗ್ಗೆ ಮೈಕ್ ಕಾಣಲ್ಲ. ಕೆಲವು ದಿನ ಬೆಳಿಗ್ಗೆ ಬಂದು ನೋಡಿದರೆ ಕಂಪ್ಯೂಟರ್ ತಾನಾಗೇ ಆನ್ ಆಗಿರುತ್ತದೆ. ಡಿಸ್ಕ್ ಸದಾ ಬ್ಯುಸಿ. ಫೈಲ್ ಎಕ್ಸ್‌ಪ್ಲೋರರ್ ತೆರೆಯಲು ಹತ್ತು ಹನ್ನೆರಡು ಸೆಕೆಂಡು. ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದಿದೆ. ರೈಟ್ ಕ್ಲಿಕ್ ಮೆನುವಿನಲ್ಲಿ ನನಗೆ ಬೇಕಾದ್ದು ಇಲ್ಲ. ಪ್ರಿಂಟ್ ಕೊಟ್ಟರೆ ಪಿಡಿಎಫ್ ಆಗುತ್ತದೆ. ಕಾಲ್ ಬಂದರೆ ಉಳಿದ ಸದ್ದೆಲ್ಲ ಪಿಸುಮಾತು. ಕೀಬೋರ್ಡ್ ಭಾಷೆ ಬದಲಿಸುವಾಗ ನಡುವೆ ಗೊತ್ತಿಲ್ಲದ ಒಂದು ಲೇಔಟ್. ಡೆಸ್ಕ್‌ಟಾಪ್ ಐಕಾನ್‌ಗಳು ಚೆಲ್ಲಾಪಿಲ್ಲಿ.

ಬರೆದಾದ ಮೇಲೆ ಪ್ರತಿಯೊಂದರ ಮುಂದೆ ಎರಡರಲ್ಲಿ ಒಂದು ಪದ ಬರೆದೆ: ‘ಕೆಟ್ಟಿದೆ’ ಅಥವಾ ‘ಬದಲಾಗಿದೆ’. ಸ್ಟಾರ್ಟ್ ಬಟನ್ ಕೆಟ್ಟಿಲ್ಲ, ಬದಲಾಗಿದೆ. ಅದಕ್ಕೆ ರಿಪೇರಿ ಹುಡುಕಿದರೆ ಸಿಗಲ್ಲ, ಸೆಟ್ಟಿಂಗ್ ಹುಡುಕಬೇಕು. ಹೀಗೆ ನೋಡಿದಾಗ ಅರ್ಧದಷ್ಟು ‘ಬದಲಾಗಿದೆ’ ಕಡೆಗೆ ಹೋದವು, ಅವು ಒಂದು ಗಂಟೆಯಲ್ಲಿ ಮುಗಿದವು. ಬೇಗ ಹೇಳಿಬಿಡುತ್ತೇನೆ.

ಸ್ಟಾರ್ಟ್ ಬಟನ್: ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್, ಅಲೈನ್‌ಮೆಂಟ್ ಲೆಫ್ಟ್. ರೈಟ್ ಕ್ಲಿಕ್: ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೇ ಉದ್ದ ಮೆನು ನೇರವಾಗಿ ಬರುತ್ತದೆ. ರಿಜಿಸ್ಟ್ರಿ ತಿದ್ದಿ ಕಾಯಂ ಮಾಡುವ ದಾರಿಯೂ ಇದೆ, ಒಂದು ಬೆರಳಿನ ಕೆಲಸಕ್ಕೆ ಅಷ್ಟು ದೂರ ಹೋಗಲು ನನಗೆ ಮನಸ್ಸಾಗಲಿಲ್ಲ. ಪ್ರಿಂಟರ್: ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಆನ್ ಇದ್ದರೆ ಕೊನೆಗೆ ಬಳಸಿದ್ದೇ ಡೀಫಾಲ್ಟ್. ಹಿಂದಿನ ದಿನ ಒಂದು ಪುಟವನ್ನು ಪಿಡಿಎಫ್ ಮಾಡಿಟ್ಟುಕೊಂಡಿದ್ದೆ, ಆವತ್ತಿಂದ ಪಿಡಿಎಫ್ಫೇ ಪ್ರಿಂಟರ್ ಆಗಿತ್ತು. ಕಾಲ್ ಬಂದಾಗ ಸದ್ದು ಇಳಿಯುವುದು: ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಮ್ಯುನಿಕೇಶನ್ಸ್ ಅಂತ ಕೊನೆಯ ಟ್ಯಾಬ್ ಇದೆ, ಅಲ್ಲಿ ಡೀಫಾಲ್ಟ್ ಆಗಿ ‘ಉಳಿದ ಸದ್ದನ್ನು ಶೇ 80ರಷ್ಟು ಇಳಿಸು’ ಅಂತಲೇ ಇರುತ್ತದೆ. ‘ಡೂ ನಥಿಂಗ್’ ಮಾಡಿದೆ, ಮುಗಿಯಿತು.

ಕೀಬೋರ್ಡ್‌ದು ಮಾತ್ರ ಸ್ವಲ್ಪ ತಮಾಷೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಕನ್ನಡ, ಇಂಗ್ಲಿಷ್, ಆಮೇಲೆ ನಾನು ಹಾಕಿಯೇ ಇಲ್ಲದ ಇನ್ನೊಂದು ಇಂಗ್ಲಿಷ್. ತೆಗೆಯೋಣ ಅಂತ ಸೆಟ್ಟಿಂಗ್ಸ್‌ಗೆ ಹೋದರೆ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ! ಇಲ್ಲದ್ದನ್ನು ತೆಗೆಯೋದು ಹೇಗೆ? ಮೊದಲು ಅದೇ ಲೇಔಟನ್ನು ನಾವೇ ಸೇರಿಸಬೇಕು, ಆಗ ಪಟ್ಟಿಗೆ ಬರುತ್ತದೆ, ಆಮೇಲೆ ತೆಗೆಯಬೇಕು. ಕರೆದು ಕೂರಿಸಿ ಕಳಿಸಿಕೊಟ್ಟ ಹಾಗೆ. ಹೋಯಿತು.

ಇನ್ನು ಅಸಲಿ ಪ್ರಕರಣಗಳು.

ಫ್ಯಾನ್ ಸದ್ದು ಮತ್ತು ಡಿಸ್ಕ್ ಬ್ಯುಸಿ, ಇವೆರಡನ್ನೂ ನಾನು ಒಂದೇ ಕಾಯಿಲೆ ಅಂದುಕೊಂಡಿದ್ದೆ. ಅಪ್‌ಗ್ರೇಡ್ ಆದ ಮೇಲೆ ಒಂದೆರಡು ದಿನ ಸರ್ಚ್ ಇಂಡೆಕ್ಸರ್ ಎಲ್ಲ ಫೈಲನ್ನೂ ಮತ್ತೆ ಓದಿ ಪಟ್ಟಿ ಮಾಡಿಕೊಳ್ಳುತ್ತದೆ, ಆಂಟಿವೈರಸ್ ಕೂಡ ತನ್ನ ಸುತ್ತು ಹಾಕುತ್ತದೆ, ಹಾಗಾಗಿ ಮೆಷಿನ್ ಬಿಸಿ, ಫ್ಯಾನ್ ಜೋರು. ಇದು ನಿಜವೇ. ಸೆಟ್ಟಿಂಗ್ಸ್‌ನಲ್ಲಿ ಸರ್ಚಿಂಗ್ ವಿಂಡೋಸ್ ಪುಟ ತೆಗೆದರೆ ಎಷ್ಟು ಫೈಲು ಬಾಕಿ ಅಂತ ಕಾಣುತ್ತದೆ. ಬುಧವಾರ ರಾತ್ರಿ ಬಾಕಿ ಸೊನ್ನೆ ಆಗಿತ್ತು, ಡಿಸ್ಕ್ ಶಾಂತವಾಗಿತ್ತು, ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಶೇ 2 ಅಥವಾ 3. ಫ್ಯಾನ್ ಮಾತ್ರ ಹಾಗೇ ಹೊಯ್ಯೋ ಅನ್ನುತ್ತಿತ್ತು. ಇಂಡೆಕ್ಸಿಂಗ್ ಅನ್ನೋ ಉತ್ತರ ಅರ್ಧ ನಿಜವಾಗಿದ್ದರಿಂದಲೇ ಉಳಿದ ಅರ್ಧವನ್ನು ನಾನು ನಾಲ್ಕು ದಿನ ಹುಡುಕಲಿಲ್ಲ.

ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋದೆ. ಅಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರಲ್ಲ, ಅಲ್ವಾ? ಅಲ್ಲೂ ಅದೇ ಸದ್ದು. ಬಯಾಸ್ ಪರದೆಯಲ್ಲಿ ಪ್ರೊಸೆಸರ್ ಪೂರ್ತಿ ವಿಶ್ರಾಂತಿಗೆ ಹೋಗದೆ ಸ್ವಲ್ಪ ಬಿಸಿ ಇರುವುದು ಮಾಮೂಲಿ, ಅದಕ್ಕೇ ಇಷ್ಟರಿಂದಲೇ ತೀರ್ಮಾನಕ್ಕೆ ಬರೋ ಹಾಗಿಲ್ಲ. ಆದರೆ ಸದ್ದು ಬರುತ್ತಿದ್ದದ್ದು ಪ್ರೊಸೆಸರ್ ಫ್ಯಾನ್‌ನಿಂದ ಅಲ್ಲ, ಕೇಸಿನ ಹಿಂದಿನ ಫ್ಯಾನ್‌ನಿಂದ. ಬಯಾಸ್‌ನ ಫ್ಯಾನ್ ಪುಟದಲ್ಲಿ ಅದು ನಿಮಿಷಕ್ಕೆ 1,200 ಸುತ್ತಿಗೂ ಮೇಲೆ ತಿರುಗುತ್ತಿತ್ತು. ಪಕ್ಕದಲ್ಲಿ ‘ಪಿಡಬ್ಲ್ಯುಎಂ’ ಅಂತ ಬರೆದಿತ್ತು. ಅದನ್ನು ನೋಡಿದ ತಕ್ಷಣ ಎಲ್ಲ ನೆನಪಾಯಿತು.

ನನ್ನ ಕೇಸ್ ಫ್ಯಾನ್ ಮೂರು ಪಿನ್ನಿನದ್ದು. ನಾಲ್ಕು ಪಿನ್ನಿನ ಫ್ಯಾನ್ ಆದರೆ ವೇಗ ಎಷ್ಟು ಅಂತ ನಾಲ್ಕನೇ ತಂತಿಯಲ್ಲಿ ಹೇಳುತ್ತಾರೆ, ವಿದ್ಯುತ್ತು ಯಾವಾಗಲೂ 12 ವೋಲ್ಟ್. ಪಿಡಬ್ಲ್ಯುಎಂ ಅಂದರೆ ಅದೇ. ಮೂರು ಪಿನ್ನಿನದಕ್ಕೆ ಆ ನಾಲ್ಕನೇ ತಂತಿಯೇ ಇಲ್ಲ, ಬೋರ್ಡ್ ಏನು ಹೇಳಿದರೂ ಅದಕ್ಕೆ ಕೇಳಿಸಲ್ಲ, ಸಿಕ್ಕ 12 ವೋಲ್ಟ್ ತಿಂದು ಪೂರ್ತಿ ವೇಗದಲ್ಲಿ ತಿರುಗುತ್ತದೆ. ಅದಕ್ಕೆ ‘ಡಿಸಿ’ ಮೋಡ್ ಬೇಕು, ಆಗ ಬೋರ್ಡ್ ವೋಲ್ಟೇಜನ್ನೇ ಏರಿಸಿ ಇಳಿಸಿ ವೇಗ ಹಿಡಿತದಲ್ಲಿಡುತ್ತದೆ. ಈ ಮೆಷಿನ್ ಜೋಡಿಸಿದ ವಾರದಲ್ಲೇ ನಾನು ಅದನ್ನು ಡಿಸಿ ಮಾಡಿದ್ದೆ. ಶನಿವಾರ ಬೆಳಿಗ್ಗೆ ಬಯಾಸ್ ಏರಿಸಿದಾಗ ಎಲ್ಲ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿತ್ತು, ಅದರ ಜೊತೆ ಇದೂ. ಡಿಸಿ ಮಾಡಿದೆ. ಅಲ್ಲೇ ಪರದೆ ನೋಡುತ್ತಿದ್ದ ಹಾಗೆ 1,200ರಿಂದ ಇಳಿದು 600ರ ಹತ್ತಿರ ಬಂದು ನಿಂತಿತು. ಇಪ್ಪತ್ತು ಸೆಕೆಂಡಿನ ಕೆಲಸ. ಕೋಣೆ ಎಷ್ಟು ನಿಶ್ಶಬ್ದ ಆಯಿತು ಅಂದರೆ ಗೋಡೆ ಗಡಿಯಾರ ಕೇಳಿಸಿತು.

ವಿಂಡೋಸ್‌ಗೆ ಸಂಬಂಧವೇ ಇಲ್ಲದ ವಿಷಯಕ್ಕೆ ನಾಲ್ಕು ದಿನ ವಿಂಡೋಸನ್ನು ಬೈದಿದ್ದೆ. ಒಂದೇ ದಿನ ಎರಡು ಕೆಲಸ ಮಾಡಿ, ದೊಡ್ಡದನ್ನು ಮಾತ್ರ ನೆನಪಿಟ್ಟುಕೊಂಡರೆ ಹೀಗೇ. ಹಾಗಾದರೆ ಇನ್ನೂ ಎಷ್ಟು ಹೀಗಿವೆ ಅಂತ ಅನುಮಾನ ಬಂದು, ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆದೆ: ಯಾವತ್ತಿಂದ?

ಇಲ್ಲಿ ಒಂದು ಒಳ್ಳೆಯ ಸಾಧನ ಇದೆ, ಯಾಕೋ ಜಾಸ್ತಿ ಜನ ಬಳಸಲ್ಲ: ರಿಲಯಬಿಲಿಟಿ ಮಾನಿಟರ್. ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ’ ಅಂತ ಹುಡುಕಿದರೆ ಸಿಗುತ್ತದೆ. ದಿನಕ್ಕೊಂದು ಕಂಬ, ಆವತ್ತು ಏನು ಇನ್‌ಸ್ಟಾಲ್ ಆಯಿತು, ಯಾವ ಪ್ರೋಗ್ರಾಂ ಕುಸಿಯಿತು, ಯಾವ ಡ್ರೈವರ್ ಬಂತು, ಎಲ್ಲ ಅಲ್ಲಿರುತ್ತದೆ. ನಾನು ಮರೆತದ್ದನ್ನೂ ಅದು ಬರೆದಿಟ್ಟುಕೊಂಡಿತ್ತು.

ಈಗ ಬೆಳಗಿನ ಎರಡು ಕಿರಿಕಿರಿ. ಮೈಕ್ ಕಾಣದಿರುವುದು, ಕಂಪ್ಯೂಟರ್ ತಾನಾಗಿ ಆನ್ ಆಗಿರುವುದು. ಎರಡೂ ‘ಕೆಲವೊಮ್ಮೆ’. ಈ ‘ಕೆಲವೊಮ್ಮೆ’ ಅನ್ನೋ ಪದ ಬಹಳ ಮೋಸದ್ದು, ನಮಗೆ ಗಮನಿಸೋಕೆ ಆಗದ್ದನ್ನೆಲ್ಲ ಅದರೊಳಗೆ ತುಂಬುತ್ತೇವೆ. ನಾನು ರಾತ್ರಿ ಕೆಲಸ ಬಾಕಿ ಇದ್ದರೆ ಸ್ಲೀಪ್‌ಗೆ ಹಾಕುತ್ತೇನೆ, ಇಲ್ಲದಿದ್ದರೆ ಶಟ್‌ಡೌನ್. ಹಿಂದಿನ ರಾತ್ರಿ ಏನು ಮಾಡಿದ್ದೆ ಅಂತ ಪ್ರತಿ ಬೆಳಿಗ್ಗೆ ಒಂದು ಸಾಲು ಬರೆದುಕೊಂಡೆ. ನಾಲ್ಕು ಸಾಲು ಆಗುವಷ್ಟರಲ್ಲಿ ಕಣ್ಣಿಗೆ ಹೊಡೆಯಿತು. ಮೈಕ್ ಕಾಣದ ದಿನಗಳ ಹಿಂದಿನ ರಾತ್ರಿಯೆಲ್ಲ ಶಟ್‌ಡೌನ್. ತಾನಾಗಿ ಎದ್ದ ದಿನಗಳೆಲ್ಲ ಸ್ಲೀಪ್. ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲು ಮೈಕ್. ಅದು ಯುಎಸ್‌ಬಿ ಪೆಟ್ಟಿಗೆಯ ಮೂಲಕ ಬರುವ ಮೈಕ್, ಅದಕ್ಕೆ ವರ್ಷಗಳ ಹಿಂದೆ ತಯಾರಕರ ಡ್ರೈವರ್ ಹಾಕಿದ್ದೆ. ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಕಾಣಲ್ಲ, ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ಶಟ್‌ಡೌನ್‌ಗಿಂತ ರೀಸ್ಟಾರ್ಟ್ ಹೇಗೆ ಹೆಚ್ಚು ಶುದ್ಧ ಆಗುತ್ತದೆ? ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ ‘ಅಪ್ ಟೈಮ್’ ನೋಡಿದೆ. ಹಿಂದಿನ ರಾತ್ರಿ ಶಟ್‌ಡೌನ್ ಮಾಡಿ ಮಲಗಿದ್ದ ಮೆಷಿನ್, ಆನ್ ಆಗಿ ಎರಡು ನಿಮಿಷ ಆಗಿರಬೇಕಾದ್ದು, ಎರಡು ದಿನ ಚಿಲ್ಲರೆ ಗಂಟೆ ಅಂತ ತೋರಿಸುತ್ತಿತ್ತು.

ಇದು ಫಾಸ್ಟ್ ಸ್ಟಾರ್ಟಪ್. 2012ರಲ್ಲಿ ವಿಂಡೋಸ್ 8ರ ಜೊತೆ ಬಂದದ್ದು. ಇದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ನಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಲಾಗಿನ್ ಮುಗಿಯುತ್ತದೆ, ಆದರೆ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು ಮರುದಿನ ಅಲ್ಲಿಂದಲೇ ಎಬ್ಬಿಸುತ್ತದೆ. ಬಾಗಿಲು ಹಾಕಿಕೊಂಡು ಹೋದ ಹಾಗೆ ಕಂಡರೂ ಒಲೆ ಆರಿರಲ್ಲ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲ ಹೊಸದಾಗಿ ಶುರು. ನನ್ನ ಮೈಕಿನ ಹಳೇ ಡ್ರೈವರ್‌ಗೆ ಈ ಅರೆನಿದ್ರೆಯಿಂದ ಏಳೋಕೆ ಬರುತ್ತಿರಲಿಲ್ಲ. ಹಾಗಾದರೆ ವಿಂಡೋಸ್ 10ರಲ್ಲಿ ಯಾಕೆ ತೊಂದರೆ ಇರಲಿಲ್ಲ? ಯಾಕಂದರೆ ಅಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಟ್ಟಿದ್ದೆ, ಬಹುಶಃ ಇದೇ ಕಾರಣಕ್ಕೆ. ಅಪ್‌ಗ್ರೇಡ್ ಆದ ಮೇಲೆ ಅದು ಮತ್ತೆ ಆನ್ ಆಗಿತ್ತು, ನಾನು ಮರೆತಿದ್ದೆ.

ಸೆಟ್ಟಿಂಗ್ ಮುಟ್ಟುವ ಮೊದಲು ಪರೀಕ್ಷೆ ಮಾಡಿದೆ. ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಒತ್ತಿದರೆ ಆ ಒಂದು ಸಲಕ್ಕೆ ಪೂರ್ತಿ ಶಟ್‌ಡೌನ್ ಆಗುತ್ತದೆ. ಮೂರು ಸಲ ಶಿಫ್ಟ್ ಹಿಡಿದು, ಮೂರು ಸಲ ಹಿಡಿಯದೆ ಮಾಡಿ ನೋಡಿದೆ. ಹಿಡಿದಾಗ ಮೂರೂ ಸಲ ಮೈಕ್ ಬಂತು, ಹಿಡಿಯದಾಗ ಒಂದು ಸಲವೂ ಬರಲಿಲ್ಲ. ಇಷ್ಟಾದ ಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟಕ್ಕೆ ಹೋಗಿ, ಮೇಲೆ ಇರುವ ಲಿಂಕ್ ಒತ್ತಿದ ಮೇಲೆ ತೆರೆದುಕೊಳ್ಳುವ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದೆ. ಎಸ್‌ಎಸ್‌ಡಿ ಇರುವ ಮೆಷಿನ್‌ನಲ್ಲಿ ಇದರಿಂದ ಉಳಿಯುತ್ತಿದ್ದದ್ದೇ ಕೆಲವು ಸೆಕೆಂಡು. ಆಮೇಲೆ ಇನ್ನೊಂದು ಭಾನುವಾರ ಆ ಹಳೇ ಡ್ರೈವರನ್ನೇ ತೆಗೆದು ನೋಡಿದೆ. ವಿಂಡೋಸ್‌ನಲ್ಲಿ ಯುಎಸ್‌ಬಿ ಆಡಿಯೋಗೆ ತನ್ನದೇ ಡ್ರೈವರ್ ಇದೆ, ಪೆಟ್ಟಿಗೆ ಅದರಲ್ಲೇ ಚೆನ್ನಾಗಿ ಓಡಿತು. ನಿಜವಾದ ಮದ್ದು ಅದು. ಟಿಕ್ ಮಾತ್ರ ಮತ್ತೆ ಹಾಕಲಿಲ್ಲ.

ಇನ್ನು ರಾತ್ರಿ ತಾನಾಗಿ ಏಳುವುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಬರೆದು, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಲಾಸ್ಟ್‌ವೇಕ್ ಅಂತ ಕೊಟ್ಟರೆ ಕೊನೆಯ ಸಲ ಯಾರು ಎಬ್ಬಿಸಿದರು ಅಂತ ಹೇಳುತ್ತದೆ. ‘ಕೊನೆಯ ಸಲ’ ಅನ್ನೋದು ಮುಖ್ಯ. ನಾನು ಮೊದಲ ದಿನ ಬೆಳಿಗ್ಗೆ ಸಿಟ್ಟಿಗೆ ಅದನ್ನು ಮತ್ತೆ ಮಲಗಿಸಿ, ಕಾಫಿ ಮಾಡಿಕೊಂಡು ಬಂದು, ಕೀಬೋರ್ಡ್ ಒತ್ತಿ ಎಬ್ಬಿಸಿ, ಆಮೇಲೆ ಕೇಳಿದರೆ ‘ಕೀಬೋರ್ಡ್’ ಅಂದಿತು. ಸರಿಯಾಗೇ ಹೇಳಿತು ಪಾಪ. ಹಳೆಯದೆಲ್ಲ ಬೇಕಾದರೆ ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ‘ಪವರ್ ಟ್ರಬಲ್‌ಶೂಟರ್’ ಹೆಸರಿನ, 1ನೇ ನಂಬರಿನ ಸಾಲುಗಳನ್ನು ನೋಡಬೇಕು. ಮಲಗಿದ ಸಮಯ, ಎದ್ದ ಸಮಯ, ಎಬ್ಬಿಸಿದ್ದು ಯಾರು, ಮೂರೂ ಇರುತ್ತವೆ. ಎಬ್ಬಿಸಿದ್ದು ನೆಟ್‌ವರ್ಕ್ ಕಾರ್ಡ್. ಮೊದಲ ಸಲ ಆದದ್ದು ಭಾನುವಾರ ರಾತ್ರಿ. ಶನಿವಾರ ರಾತ್ರಿಯೂ ಸ್ಲೀಪ್‌ಗೆ ಹಾಕಿದ್ದೆ, ಆವತ್ತು ಬೆಳಿಗ್ಗೆವರೆಗೂ ತೆಪ್ಪಗೆ ಮಲಗಿತ್ತು.

ರಿಲಯಬಿಲಿಟಿ ಮಾನಿಟರ್‌ನಲ್ಲಿ ಭಾನುವಾರದ ಕಂಬ ಒತ್ತಿದೆ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಬದಲಾಗಿದೆ, ಮಧ್ಯಾಹ್ನ. ಅದೇ ಒಂದೇ ಕ್ಲಿಕ್ಕಿನ ಟೂಲ್. ಅಂದರೆ ಇಲ್ಲದ ಕಾಯಿಲೆಗೆ ನಾನೇ ತೆಗೆದುಕೊಂಡ ಔಷಧಿಯಿಂದ ಬಂದದ್ದು ಇದು.

ಹೊಸ ಡ್ರೈವರ್ ಬಂದಾಗ ಅದರ ಸೆಟ್ಟಿಂಗ್‌ಗಳೂ ಹೊಸದಾಗಿ ಬಂದಿದ್ದವು. ನೆಟ್‌ವರ್ಕ್ ಕಾರ್ಡಿಗೆ ಕಂಪ್ಯೂಟರ್ ಎಬ್ಬಿಸುವ ಅಧಿಕಾರ ಸಿಕ್ಕಿತ್ತು, ಯಾವ ಕರೆಗೆ ಎಬ್ಬಿಸಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ. ನೆಟ್‌ವರ್ಕ್‌ನಲ್ಲಿ ಫೋನೋ ಟಿವಿಯೋ ಯಾರಾದರೂ ಇದ್ದೀರಾ ಅಂತ ಕೇಳಿದರೂ ಸಾಕು, ಇದು ಎದ್ದು ಕೂರುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಾರ್ಡಿನ ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಹೋದೆ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಮ್ಯಾಜಿಕ್ ಪ್ಯಾಕೆಟ್ ಬಂದರೆ ಮಾತ್ರ ಎಬ್ಬಿಸು ಅನ್ನುವ ಟಿಕ್ಕೂ ಹಾಕಿದೆ. ಬೇಕಂತಲೇ ಕಳಿಸಿದ ಕರೆಗೆ ಮಾತ್ರ ಏಳಲಿ ಅಂತ. ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದು ಕೆಲಸ ಮಾಡಿತು ಅಂತ ಖಚಿತ ಹೇಳಲು ಬರಲ್ಲ. ಬೇರೆಯವರಿಗೆ ಒಂದೊಂದಾಗಿ ಮಾಡಿ ಅಂತ ಹೇಳುವವನು ರಾತ್ರಿ ಹನ್ನೊಂದೂವರೆಗೆ ಹೀಗೇ ಮಾಡುತ್ತಾನೆ. ಟೂಲನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ಹೋಗುವಾಗ ಯಾಕೆ ಹೋಗುತ್ತಿದ್ದೀರಿ ಅಂತ ಒಂದು ಪುಟ ತೆರೆಯಿತು.

ಎಕ್ಸ್‌ಪ್ಲೋರರ್ ನಿಧಾನದ್ದು ಆಕಸ್ಮಿಕವಾಗಿ ಸಿಕ್ಕಿತು. ತೆರೆಯುವಾಗ ಎಡಗಡೆ ಪಟ್ಟಿಯಲ್ಲಿ ಒಂದು ಫೋಲ್ಡರಿನ ಚಿತ್ರ ಮಾತ್ರ ಖಾಲಿ ಇದ್ದು, ಹತ್ತು ಸೆಕೆಂಡ್ ಆದ ಮೇಲೆ ತುಂಬಿಕೊಳ್ಳುತ್ತಿತ್ತು. ಅದು ಎರಡು ವರ್ಷದ ಹಿಂದೆ ಪಿನ್ ಮಾಡಿದ್ದ ನೆಟ್‌ವರ್ಕ್ ಡಿಸ್ಕಿನ ಫೋಲ್ಡರ್. ಆ ಡಿಸ್ಕ್ ಈಗ ಇಲ್ಲ. ಎಕ್ಸ್‌ಪ್ಲೋರರ್ ಪ್ರತಿ ಸಲ ಅದನ್ನು ಹುಡುಕಿಕೊಂಡು ಹೋಗಿ, ಕಾದು, ವಾಪಸ್ ಬರುತ್ತಿತ್ತು. ಮೊದಲು ನನ್ನ ಎಕ್ಸ್‌ಪ್ಲೋರರ್ ‘ದಿಸ್ ಪಿಸಿ’ಗೆ ತೆರೆಯುತ್ತಿತ್ತು, ಈಗ ಪಿನ್ ಮಾಡಿದ್ದೆಲ್ಲ ಇರುವ ‘ಹೋಮ್’ಗೆ ತೆರೆಯುತ್ತಿತ್ತು, ಅದಕ್ಕೇ ಈಗ ಕಾಣಿಸಿಕೊಂಡಿತು. ಅನ್‌ಪಿನ್ ಮಾಡಿದೆ, ಈಗ ಕ್ಲಿಕ್ ಮಾಡಿದ ಕೂಡಲೇ ತೆರೆಯುತ್ತದೆ.

ಒಂಬತ್ತನೇ ದಿನ ಮತ್ತೆ ರಿಕವರಿ ಪುಟಕ್ಕೆ ಹೋದೆ. ‘ಗೋ ಬ್ಯಾಕ್’ ಬಟನ್ ಇನ್ನೂ ಇತ್ತು. ಒತ್ತಲಿಲ್ಲ. ಬದಲಿಗೆ ಡಿಸ್ಕ್ ಕ್ಲೀನಪ್‌ನಲ್ಲಿ ಹಳೇ ವಿಂಡೋಸ್ ಟಿಕ್ ಮಾಡಿ ನಾನೇ ಅಳಿಸಿದೆ, 24 ಜಿಬಿ ಖಾಲಿಯಾಯಿತು.

ಪಟ್ಟಿಯಲ್ಲಿ ಹತ್ತಕ್ಕೆ ಗೆರೆ ಬಿದ್ದಿತ್ತು. ಉಳಿದದ್ದು ಚೆಲ್ಲಾಪಿಲ್ಲಿ ಐಕಾನ್. ಮಾನಿಟರ್ ಆಫ್ ಮಾಡಿ ಆನ್ ಮಾಡಿದರೆ ಐಕಾನ್‌ಗಳೆಲ್ಲ ಎಡಕ್ಕೆ ಗುಂಪಾಗುತ್ತವೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾನಿಟರ್ ಆಫ್ ಆದರೆ ಕೆಲವು ಸಲ ಕೇಬಲ್ಲೇ ಕಿತ್ತ ಹಾಗೆ ಕಂಪ್ಯೂಟರ್‌ಗೆ ಕಾಣುತ್ತದೆ, ಅದು ಚಿಕ್ಕ ಪರದೆ ಅಂದುಕೊಂಡು ಐಕಾನ್‌ಗಳನ್ನು ಒತ್ತರಿಸುತ್ತದೆ. ಇದಕ್ಕೆ ಏನಾದರೂ ಮಾಡೋಣ ಅಂತ, ಮೊದಲು ಹೇಗೆ ಜೋಡಿಸಿದ್ದೆ ಅಂತ ನೋಡಲು ಹಳೇ ಸ್ಕ್ರೀನ್‌ಶಾಟ್‌ಗಳನ್ನು ತೆಗೆದೆ. ಅಪ್‌ಗ್ರೇಡ್‌ಗೂ ಒಂದು ವರ್ಷ ಹಿಂದಿನದ್ದು ಒಂದು ಸಿಕ್ಕಿತು. ವಿಂಡೋಸ್ 10, ಕೆಳಗೆ ಹಳೇ ಟಾಸ್ಕ್‌ಬಾರ್, ಐಕಾನ್‌ಗಳೆಲ್ಲ ಎಡಕ್ಕೆ ಗುಂಪು. ಈ ಪಟ್ಟಿಯಲ್ಲಿ ಅದಕ್ಕೂ ಗೆರೆ ಎಳೆದು, ಬೇರೆ ಹಾಳೆಯಲ್ಲಿ ಬರೆದುಕೊಂಡೆ.